ಶ್ರೀಕರನ ಮೊದಲ ಡೀಲ್

ಮೂರು ವಾರದ ಆನ್‌ಲೈನ್ ಕೋರ್ಸ್ ಮುಗಿದದ್ದೇ ತಡ, ಶ್ರೀಕರ ತನ್ನನ್ನು ಹೋಲ್‌ಸೇಲರ್ ಎಂದು ಕರೆದುಕೊಳ್ಳತೊಡಗಿದ. ಅಕ್ಕಿಬೇಳೆಯದಲ್ಲ, ಮನೆಗಳದು. ಕೈಯಿಂದ ಬಿಡಿಗಾಸು ಬಿಚ್ಚದೆ ಯಾರದೋ ಮನೆಗೆ ಕಡಿಮೆ ರೇಟಿನ ಅಗ್ರಿಮೆಂಟ್ ಬರೆಸಿಕೊಳ್ಳುವುದು, ಆ ಅಗ್ರಿಮೆಂಟನ್ನೇ ಹೆಚ್ಚಿನ ದುಡ್ಡಿಗೆ ಇನ್ನೊಬ್ಬನಿಗೆ ದಾಟಿಸುವುದು. ಇದಕ್ಕೊಂದು ಕೋರ್ಸ್ ಬೇರೆ! ಭಂಡತನವೊಂದಿದ್ದರೆ ಸಾಲದೇ ಎಂದು ಅವನ ಹೆಂಡತಿ ಚೈತನ್ಯಾಗೆ ಅನಿಸುತ್ತಿತ್ತು. ಶನಿವಾರ ಬಂತೆಂದರೆ ಸ್ಯಾನ್ ಡಿಯಾಗೋದ ಬೀದಿಬೀದಿ ಸುತ್ತಿ, ಲಾನ್ ಒಣಗಿದ ಮನೆ ಕಂಡಲ್ಲೆಲ್ಲ, ಮಾರುವ ಅವಸರದಲ್ಲಿರಬಹುದೆಂದು ಬಾಗಿಲು ತಟ್ಟುತ್ತಿದ್ದ. ಯಾರೂ ಸೊಪ್ಪು ಹಾಕಲಿಲ್ಲ.

ಕೊನೆಗೆ ಸಿಕ್ಕವರು ಪಕ್ಕದ ಪೊವೇ ಊರಿನ ಪ್ರೇಮವ್ವ, ಗದಗಿನ ಕಡೆಯವರು. ಮನೆ ಮಾರಿ ರೆಡೊಂಡೊ ಬೀಚಿನಲ್ಲಿದ್ದ ಮಗಳ ಹತ್ತಿರ ಹೋಗುವವರಿದ್ದರು. ನಮ್ಮವರು ಯಾರಾದರೂ ಬಂದು ಬಾಳುವುದಾದರೆ ರೇಟು ಇಳಿಸುತ್ತೇನೆಂದು ಅವರು ಕನ್ನಡ ಸಂಘದಲ್ಲಿ ಹೇಳಿದ್ದು ಶ್ರೀಕರನ ಕಿವಿಗೆ ಬಿತ್ತು.

"ನಾವೇ ಬಂದು ಇರ್ತೀವಿ ಆಂಟಿ" ಎಂದುಬಿಟ್ಟ.

ಅಗ್ರಿಮೆಂಟಿಗೆ ಸಹಿ ಹಾಕಿಸುವ ದಿನ ಚೈತನ್ಯಾಳನ್ನೂ ಹೊರಡಿಸಿದ. "ನೀನು ಸುಮ್ನೆ ಕೂತಿರು. ಫ್ಯಾಮಿಲಿ ನೋಡಿದ್ರೆ ನಂಬಿಕೆ ಬರತ್ತೆ." ಜಗಳವಾಡಿ ಸಾಕಾಗಿ ಅವಳು ಹೊರಟಳು. ಹೊರಟದ್ದಕ್ಕೆ ತನ್ನ ಮೇಲೂ ಅಸಹ್ಯವಾಯಿತು.

ಪ್ರೇಮವ್ವ ಮನೆಯೆಲ್ಲ ತೋರಿಸಿದರು. ಹಿತ್ತಲಿನ ಕರಿಬೇವಿಗೆ ಎಷ್ಟು ನೀರು ಹಾಕಬೇಕೆಂದೂ ಹೇಳಿಕೊಟ್ಟರು. ಶ್ರೀಕರ ಎಲ್ಲಕ್ಕೂ ಹಲ್ಲು ಕಿರಿದ. ಈ ಮನೆ ಕೆಡವಲು ಕಾದಿದ್ದ ಬಿಲ್ಡರ್ ಜೊತೆ ಅವನು ಬೆಳಿಗ್ಗೆಯಷ್ಟೇ ಚೈತನ್ಯಾಳ ಎದುರೇ ಮಾತಾಡಿದ್ದ.

ಸಹಿಗೆ ಮೊದಲು ಪ್ರೇಮವ್ವ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಖಣ ಇಟ್ಟುಕೊಂಡು ಬಂದರು. "ವೇಲ್ ಹಿಡಿ ಯವ್ವಾ, ಉಡಿ ತುಂಬತೀನಿ. ಇನ್ನ ಈ ಮನಿ ಯಜಮಾನಿ ನೀನ."

"ಹಿಡ್ಕೋ, ಹಿಡ್ಕೋ" ಎಂದು ಶ್ರೀಕರ ಮೊಣಕೈಯಿಂದ ತಿವಿದ. ಇಂಥವನ ಜೊತೆ ಒಂದೇ ಸೂರಿನಡಿ ಇದ್ದೇನಲ್ಲ ಎಂದು ಅವಳಿಗೆ ಮೈ ಉರಿದುಹೋಯಿತು. ಹಿಡಿದ ವೇಲ್ ಕೈಬಿಟ್ಟಳು.

"ನಾವು ಇಲ್ಲಿಗೆ ಬರಲ್ಲ ಆಂಟಿ. ಇವ್ರು ಈ ಅಗ್ರಿಮೆಂಟನ್ನ ಬಿಲ್ಡರ್‌ಗೆ ಮಾರ್ತಾರೆ. ಅವ್ನು ಮನೆ ಒಡೆದು ಹಾಕ್ತಾನೆ."

ಪ್ರೇಮವ್ವ ಶ್ರೀಕರನತ್ತ ತಿರುಗಿದರು. "ಖರೇ ಏನಪಾ?"

"ಇಬ್ಬರಿಗೂ ಲಾಭ ಆಂಟಿ..." ಎಂದು ಅವನು ಕೋರ್ಸಿನ ಪಾಠ ಶುರು ಮಾಡಿದ. ಪ್ರೇಮವ್ವ ಅಗ್ರಿಮೆಂಟನ್ನು ಅವನ ಕೈಗೇ ತುರುಕಿ ಬಾಗಿಲು ತೋರಿಸಿದರು. ಚೈತನ್ಯಾಳನ್ನು ಮಾತ್ರ ನಿಲ್ಲಿಸಿ ಉಡಿ ತುಂಬಿದರು. "ಹೆಣಮಗಳನ್ನ ಬರಿಗೈಲೆ ಕಳಸಬಾರದವ್ವಾ."

ಕಾರಿನಲ್ಲಿ ಶ್ರೀಕರ ಸ್ಟೀರಿಂಗಿಗೆ ಗುದ್ದಿದ. "ಇನ್ಮೇಲೆ ಯಾರ ಮನೆಗೂ ನಿನ್ನ ಕರ್ಕೊಂಡು ಹೋಗಲ್ಲ."

"ಕರೀದೇ ಇದ್ರೂ ಬರ್ತೀನಿ" ಎಂದಳು ಚೈತನ್ಯಾ.