ಎಡಗಾಲಿನ ಬೂಟು

ಹೆನ್ಯಾಳಿಗೆ ಬೇಕಾಗಿದ್ದದ್ದು ಒಂದೇ: ಐದು ಜನ ಹಿರಿಯರ ಮುಂದೆ ಮೈದುನನ ಕಾಲಿನ ಬೂಟು ಬಿಚ್ಚಿ, ಅವನೆದುರು ನೆಲಕ್ಕೆ ಉಗಿಯುವುದು. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಮೈದುನ ಝೆಲಿಕ್ ಒಳ್ಳೆಯವನೇ, ಅವನ ಮೇಲೆ ಅವಳಿಗೆ ಅಕ್ಕರೆಯೂ ಇತ್ತು. ಆದರೆ ಗಂಡ ಮಕ್ಕಳಿಲ್ಲದೆ ಸತ್ತರೆ ಹೆಂಡತಿಯ ಕೊರಳಿನ ಹಗ್ಗ ಗಂಡನ ತಮ್ಮನ ಕೈಗೆ ಹೋಗುವುದು ನಮ್ಮ ಯೆಹೂದಿ ಜನದ ಹಳೆಯ ಕಟ್ಟಳೆ. ಅವನು ಅವಳನ್ನು ಕಟ್ಟಿಕೊಳ್ಳಬೇಕು, ಇಲ್ಲವೇ ಬೂಟು ಬಿಚ್ಚಿಸಿಕೊಂಡು ಬಿಟ್ಟುಕೊಡಬೇಕು. ಝೆಲಿಕ್‌ನಿಗೆ ಆಗಲೇ ಹೆಂಡತಿ ಮಕ್ಕಳಿದ್ದರು, ಕಟ್ಟಿಕೊಳ್ಳುವ ಮಾತೇ ಇರಲಿಲ್ಲ. ಉಳಿದದ್ದು ಬೂಟು.

ಅದಕ್ಕೆ ಅಡ್ಡ ನಿಂತವಳು ಅತ್ತೆ ಎಟ್ಲಾ. ಹಡಗು ಹತ್ತಿ ಪೋಲೆಂಡಿನಿಂದ ಬುಯೆನೋಸ್ ಐರೆಸ್‌ಗೆ ಬಂದ ಎರಡನೆಯ ಚಳಿಗಾಲದಲ್ಲೇ ಹಿರಿಯ ಮಗ ಲೈಬಲ್ ಜ್ವರದಲ್ಲಿ ಹೋಗಿಬಿಟ್ಟಿದ್ದ. ಉಳಿದವನು ಝೆಲಿಕ್ ಒಬ್ಬನೇ. ಆ ಒಬ್ಬ ಮಗನ ಮುಂದೆ ಊರವರೆಲ್ಲ ನೋಡುತ್ತಿರುವಾಗ ಸೊಸೆ ಉಗಿಯುವುದೇ? ಇದು ಬಾಯಿಬಿಟ್ಟು ಹೇಳುವ ಕಾರಣ. ಹೇಳದ ಕಾರಣ ಮನೆಯವರ ಹಾಸಿಗೆ ಅಂಗಡಿಯದು. ಅವರಿದ್ದ ವಿಲ್ಯಾ ಕ್ರೆಸ್ಪೊ ಪೇಟೆಯಲ್ಲಿ ಉಣ್ಣೆಯ ಹಾಸಿಗೆ ಮಾಡುವವರು ಬೇಕಾದಷ್ಟಿದ್ದರು, ಆದರೆ ಹೆನ್ಯಾ ದಬ್ಬಳ ಹಿಡಿದು ಅಂಚು ಕಟ್ಟಿದ ಹಾಸಿಗೆ ಕೂತು ಕೂತು ಸವೆದರೂ ಕುಸಿಯುತ್ತಿರಲಿಲ್ಲ. ಗಿರಾಕಿಗಳು ಅಂಗಡಿಯ ಹೆಸರು ಹಿಡಿದು ಬರುತ್ತಿರಲಿಲ್ಲ, ಆ ಅಂಚನ್ನು ಕೇಳಿಕೊಂಡು ಬರುತ್ತಿದ್ದರು.

ಪಕ್ಕದ ಬೀದಿಯ ವಠಾರದಲ್ಲಿ ರಸ್ತೆಗೆ ಬಾಗಿಲಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಹೆನ್ಯಾಳ ಕಣ್ಣು ಅದರ ಮೇಲಿತ್ತು. ಅಲ್ಲಿ ತನ್ನದೇ ದಬ್ಬಳ, ತನ್ನದೇ ಒಲೆ, ಬಾಗಿಲ ಮೇಲೆ ತನ್ನ ಹೆಸರು. ಆದರೆ ಬೂಟು ಬಿಚ್ಚದ ವಿಧವೆ ಬೇರೆ ಮನೆ ಹೂಡಿದರೆ ಬೀದಿಯ ನಾಲಿಗೆ ಸುಮ್ಮನಿರುತ್ತದೆಯೇ? ಒಬ್ಬರೂ ಹಾಸಿಗೆ ಹೊಲಿಸಲು ಬರುತ್ತಿರಲಿಲ್ಲ.

ಅವಳು ಕೇಳಿದಾಗಲೆಲ್ಲ ಎಟ್ಲಾ ಮುಂದಕ್ಕೆ ತಳ್ಳುತ್ತಿದ್ದಳು. ಹಬ್ಬ ಕಳೀಲಿ, ಬೇಸಿಗೆ ಮುಗೀಲಿ, ಝೆಲಿಕ್‌ನ ಕೆಮ್ಮು ವಾಸಿಯಾಗಲಿ. ಕೊನೆಗೆ ಒಂದು ಶುಕ್ರವಾರ ರಾತ್ರಿ, ಮೀನಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿದ್ದಾಗ, ಹೆನ್ಯಾ ಮೆಲ್ಲಗೆ ಹೇಳಿದಳು.

"ನಾನು ರಬ್ಬಿ ಹತ್ರ ಹೋಗಿದ್ದೆ. ಮಂಗಳವಾರ ಬೆಳಿಗ್ಗೆ ಅಂತ ಗೊತ್ತು ಮಾಡಿದ್ದಾರೆ."

ಎಟ್ಲಾ ತಟ್ಟೆ ಕೆಳಗಿಟ್ಟಳು. "ಯಾರವನು?"

"ಯಾರು ಯಾರು?"

"ನಿನ್ನನ್ನ ಕಟ್ಕೊಳ್ಳೋನು ಕಣೇ! ಆ ಗಡಿಯಾರ ರಿಪೇರಿಯವನಾ? ಬೇಕರಿಯವನ ಹೆಂಡತಿ ಹೇಳ್ತಿದ್ಲು, ದಿನಾ ನಗ್ತಾನಂತೆ ನಿನ್ನ ನೋಡಿ."

"ಅವನು ಎಲ್ರನ್ನೂ ನೋಡಿ ನಗ್ತಾನೆ ಅತ್ತೆ, ಅವನ ಹಲ್ಲೇ ಹಾಗೆ. ಯಾರೂ ಇಲ್ಲ."

"ಯಾರೂ ಇಲ್ದೆ ಇದ್ಮೇಲೆ ಯಾಕೆ ಬೇಕು ನಿನಗೆ ಬಿಡುಗಡೆ?"

"ಬಾಗಿಲು ತೆರೆದಿರ್ಲಿ ಅಂತ. ಹೋಗ್ತೀನೋ ಬಿಡ್ತೀನೋ, ಅದು ನನ್ನಿಷ್ಟ."

ಇಂಥ ಉತ್ತರವನ್ನು ಎಟ್ಲಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಗನ ಕಡೆ ತಿರುಗಿದಳು. ಝೆಲಿಕ್ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿಹೋಗಿದ್ದ. ಅವನಿಗೆ ತಾಯಿಯ ಭಯ ಇತ್ತು, ಧರ್ಮಗುರು ರಬ್ಬಿಯ ಭಯ ಅದಕ್ಕಿಂತ ಒಂದು ಹಿಡಿ ಹೆಚ್ಚು. "ರಬ್ಬಿ ಹೇಳಿದ್ಮೇಲೆ ಹೋಗ್ಲೇಬೇಕಲ್ಲಮ್ಮಾ" ಎಂದು ಮುಳ್ಳಿಗೆ ಹೇಳಿದ.

ಮಂಗಳವಾರ ಹೆನ್ಯಾ ನೀರೂ ಕುಡಿಯದೆ ಪ್ರಾರ್ಥನಾ ಮಂದಿರಕ್ಕೆ ಹೋದಳು. ಉಗಿಯುವವಳು ಉಪವಾಸವಿರಬೇಕು, ಬಾಯಿಯ ನೀರು ಅವಳದೇ ಆಗಿರಬೇಕು. ಹಿರಿಯರು ಐವರು ಬೆಂಚಿನ ಮೇಲೆ ಗಡ್ಡ ನೀವುತ್ತ ಕೂತಿದ್ದರು. ಇದಕ್ಕೆಂದೇ ಇಟ್ಟಿದ್ದ ಬೂಟು ಕಪಾಟಿನಿಂದ ಹೊರಗೆ ಬಂತು. ಮೊಳೆ ಇಲ್ಲ, ಕಬ್ಬಿಣದ ಚೂರೂ ಇಲ್ಲ, ಎಲ್ಲ ತೊಗಲೇ, ಹೊಲಿಗೆಯೂ ತೊಗಲಿನ ದಾರದ್ದೇ. ಪೋಲೆಂಡಿನಿಂದ ಬರುವಾಗ ಯಾರೋ ಪುಣ್ಯಾತ್ಮರು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದದ್ದು. ಬಲಗಾಲಿನದೊಂದೇ. ಎಟ್ಲಾ ಹೆಂಗಸರ ಮೂಲೆಯಲ್ಲಿ ಕರೀ ಶಾಲು ಹೊದ್ದು, ಸಾವಿಗೆ ಬಂದವಳ ಹಾಗೆ ಕೂತಿದ್ದಳು.

ಝೆಲಿಕ್ ಕಾಲು ತೊಳೆದುಕೊಂಡು ಬಂದ. ರಬ್ಬಿ ಕೇಳಿದರು: "ನಿನಗೆ ಯಾವ ಕಾಲು ವಾಟ? ಬಲವೋ, ಎಡವೋ?"

"ಬಲ" ಎಂದ ಝೆಲಿಕ್ ಥಟ್ಟನೆ. ಬೂಟು ಬಲಗಾಲಿನದು, ಬೇಗ ಮುಗಿದರೆ ಸಾಕು ಎನ್ನುವುದಷ್ಟೇ ಅವನ ತಲೆಯಲ್ಲಿದ್ದದ್ದು. ಅವನು ಬೂಟು ಹಾಕಿ ಪಟ್ಟಿ ಕಟ್ಟಿಕೊಂಡ. ಹೆನ್ಯಾ ಅವನ ಮುಂದೆ ಬಗ್ಗಿದಳು. ಗಂಟಿಗೆ ಅವಳ ಬೆರಳು ತಗುಲಿತ್ತು.

"ಸುಳ್ಳು!"

ಎಟ್ಲಾ ಎದ್ದು ನಿಂತಿದ್ದಳು. "ಅವನು ಎಡಗಾಲಿನವನು. ತೊಟ್ಟಿಲಲ್ಲೇ ಎಡಗಾಲಲ್ಲಿ ಒದೀತಿದ್ದ. ನನ್ನ ಹೊಟ್ಟೆ ಒಳಗೂ ಅದೇ ಕಾಲು!"

ಹೆನ್ಯಾ ಗಂಟಿನಿಂದ ಕೈ ತೆಗೆದಳು. ಇಷ್ಟು ದೂರ ಬಂದ ಮೇಲೆ ಈ ಮುದುಕಿ ಮತ್ತೆ ಕಲ್ಲು ಹಾಕಿದಳು ಎಂದು ಸಿಟ್ಟು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ಎಡಗಾಲಿನವನಾದರೆ ಎರಡೂ ಕಾಲಿನ ಬೂಟು ಬಿಚ್ಚಬೇಕು. ಅಂಥ ಎಡಗಾಲಿನ ಬೂಟು ಈ ಊರಲ್ಲೇ ಇರಲಿಲ್ಲ.

ಪರೀಕ್ಷೆ ಮಾಡೋಣ ಎಂದರು ರಬ್ಬಿ. ಹಳೆಯ ಬಟ್ಟೆಯನ್ನು ಉಂಡೆ ಕಟ್ಟಿ ನೆಲದ ಮೇಲಿಟ್ಟು, "ಒದಿ" ಎಂದರು. ಝೆಲಿಕ್ ಭಾನುವಾರಗಳಲ್ಲಿ ರೈಲು ಹಳಿಯ ಪಕ್ಕದ ಬಯಲಿಗೆ ಚೆಂಡಾಟಕ್ಕೆ ಹೋಗುತ್ತಿದ್ದದ್ದು ತಾಯಿಗೆ ಗೊತ್ತಿರಲಿಲ್ಲ. ಉಂಡೆ ಕಂಡದ್ದೇ ತಡ, ಅವನ ಕಾಲು ಅವನನ್ನು ಕೇಳದೆ ಎದ್ದಿತು. ಉಂಡೆ ಹಾರಿಹೋಗಿ ನಡುವಿನ ಹಿರಿಯನ ಟೋಪಿಯನ್ನು ಕೆಡವಿತು. ಒದ್ದದ್ದು ಎಡಗಾಲು.

"ಗೋಲ್" ಎಂದ ಮೂಲೆಯ ಹಿರಿಯ, ಆಮೇಲೆ ಕೆಮ್ಮಿ ಗಂಭೀರನಾದ. ಎರಡನೆಯ ಬೂಟು ಸಿಗುವವರೆಗೆ ಸಭೆ ಮುಂದಕ್ಕೆ ಹೋಯಿತು.

ದಾರಿಯುದ್ದಕ್ಕೂ ಹೆನ್ಯಾ ಅತ್ತೆಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಹೊಸಿಲು ದಾಟಿದ ಮೇಲೆ ತಡೆಯಲಾಗಲಿಲ್ಲ. "ಸಂತೋಷ ಆಯ್ತಾ ಅತ್ತೆ? ನನ್ನನ್ನ ಕಟ್ಟಿ ಹಾಕೋಕೆ ಕೊನೆಗೆ ಮಗನ ಕಾಲೂ ಬೇಕಾಯ್ತಾ?"

"ಮುಚ್ಚು ಬಾಯಿ, ಪೆದ್ದೀ. ಕಟ್ಟಿ ಹಾಕ್ಬೇಕು ಅಂದಿದ್ರೆ ಸುಮ್ಮನೆ ಕೂತಿರ್ತಿದ್ದೆ. ಬರೀ ಬಲಗಾಲು ಬಿಚ್ಚಿ ಬಿಡುಗಡೆ ಆಯ್ತು ಅಂತ ಕುಣೀತಾ ಹೋಗ್ತಿದ್ದೆ ನೀನು. ನಾಳೆ ಒಬ್ಬನ್ನ ಕಟ್ಕೊಂಡು ಮಕ್ಕಳಾದ ಮೇಲೆ ಯಾರೋ ಒಬ್ಬ ಎದ್ದು, ಅವನು ಎಡಗಾಲಿನವನಾಗಿದ್ದ, ಇವಳ ಬಿಡುಗಡೆ ಪೂರ್ತಿ ಆಗಿಲ್ಲ ಅಂದಿದ್ರೆ? ಆ ಮಕ್ಕಳ ಹಣೆಬರಹ ಏನಾಗ್ತಿತ್ತು?" ಎಟ್ಲಾ ಶಾಲು ಕೊಡವಿ ಗೂಟಕ್ಕೆ ಹಾಕಿದಳು. "ಬಿಡುಗಡೆ ಕೊಡೋಕೆ ನನಗೆ ಇಷ್ಟ ಇಲ್ಲ. ಈಗಲೂ ಇಲ್ಲ. ಕೊಟ್ರೆ ಪೂರ್ತಿ ಕೊಡ್ತೀನಿ."

ಹೆನ್ಯಾ ಗೋಡೆಗೆ ಒರಗಿ ನಿಂತುಬಿಟ್ಟಳು.

ಎಟ್ಲಾಳ ಗಂಡ ಪೋಲೆಂಡಿನಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದವನು. ಅವನ ಕಣ್ಣು ಮಂದವಾದ ಮೇಲೆ ಹೊಲಿದವಳು ಇವಳೇ, ಹೆಸರು ಮಾತ್ರ ಅವನದು. ಇದನ್ನು ಅವಳು ಎಂದೂ ಹೇಳಿರಲಿಲ್ಲ. ಮರುದಿನ ಅವಳು ಮಂಚದ ಅಡಿಯಿಂದ ಒಂದು ಗಂಟು ಎಳೆದಳು. ಅದರಲ್ಲಿ ತೊಗಲು ಚುಚ್ಚುವ ಆರಿ ಇತ್ತು, ಬಾಗಿದ ಚೂರಿ ಇತ್ತು, ಮಿಕ್ಕ ತೊಗಲೂ ಇತ್ತು.

"ನಿನ್ನ ದಬ್ಬಳ ತಾ, ಎಡಗಾಲಿನ ಬೂಟು ನಾವೇ ಹೊಲಿಯೋಣ. ತೊಗಲನ್ನ ನಾನು ಚುಚ್ತೀನಿ, ದಾರ ನೀನು ಎಳಿ. ನನ್ನ ಬೆರಳು ಮೊದಲಿನ ಹಾಗಿಲ್ಲ."

ಅತ್ತೆ ಸೊಸೆ ಕಿಟಕಿಯ ಬೆಳಕಿನಲ್ಲಿ ಎದುರು ಬದುರು ಕೂತರು. ಹೊಲಿಯುತ್ತ ಎಟ್ಲಾ ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಲೈಬಲ್ ಬಲಗಾಲಿನವನು. ಮೊದಲ ಹೆಜ್ಜೆ ಇಟ್ಟದ್ದು ಬಲಗಾಲಲ್ಲಿ. ಅವನ ಮಾತು ಆಡ್ಕೊಳ್ಳೋಕೆ ನನಗೆ ಮನೇಲಿ ನೀನೊಬ್ಳೇ ಇದ್ದೆ." ಹೆನ್ಯಾಳಿಗೆ ಅತ್ತೆಯ ಮೇಲೆ ಪ್ರೀತಿ ಬಂತು. ಇಷ್ಟು ದಿನ ತನ್ನನ್ನು ಹಿಡಿದಿಟ್ಟದ್ದು ಬರೀ ಅಂಗಡಿಯಲ್ಲ ಎಂದು ಅವಳಿಗೆ ಅರ್ಥವಾಯಿತು. ಆದರೂ ದಾರವನ್ನು ಬಿಗಿಯಾಗಿಯೇ ಎಳೆದಳು. ಆ ಕೋಣೆಯ ಆಸೆಯನ್ನು ಅವಳು ಬಿಟ್ಟಿರಲಿಲ್ಲ.

ಎರಡನೆಯ ಸಲ ಯಾರೂ ಅಡ್ಡ ಮಾತಾಡಲಿಲ್ಲ. ಹೆನ್ಯಾ ಬಲಗಾಲಿನದು ಬಿಚ್ಚಿದಳು, ಎಡಗಾಲಿನದೂ ಬಿಚ್ಚಿ ಎಸೆದಳು. ತಾನೂ ಅತ್ತೆಯೂ ಹೊಲಿದ ಆ ಬೂಟಿನ ಹೊಸ ಪಟ್ಟಿ ಬಿಗಿಯಾಗಿತ್ತು, ಗಂಟು ಬಿಡಿಸಲು ಕಷ್ಟಪಡಬೇಕಾಯಿತು. ಆಮೇಲೆ ನೆಲಕ್ಕೆ ಉಗಿದಳು. "ನೋಡಿದೆವು" ಎಂದರು ಹಿರಿಯರು. "ಬೂಟು ಬಿಚ್ಚಿಸಿಕೊಂಡವನು!" ಎಂದು ಎಲ್ಲರೂ ಮೂರು ಸಲ ಕೂಗಿದರು. ಝೆಲಿಕ್ ಬರಿಗಾಲಲ್ಲಿ ಹಲ್ಲು ಕಿರಿದು, "ಅತ್ತಿಗೆ, ನನಗೂ ಹಗುರಾಯ್ತು" ಎಂದ.

ಎಟ್ಲಾ ಶಾಲಿನೊಳಗಿಂದ ಒಂದು ತುಂಡು ರೊಟ್ಟಿ ತೆಗೆದು ಹೆನ್ಯಾಳ ಕೈಗಿಟ್ಟಳು. "ತಿನ್ನು. ಬೆಳಗಿಂದ ಖಾಲಿ ಹೊಟ್ಟೆ. ಇವತ್ತಿಂದ ನೀನು ನನಗೆ ಏನೂ ಅಲ್ಲ, ಗೊತ್ತಲ್ಲ?"

"ಗೊತ್ತು. ಏನೂ ಅಲ್ಲದವಳನ್ನ ಶುಕ್ರವಾರ ಊಟಕ್ಕೆ ಕರೀತೀರಾ?"

"ಕರೆಯೋದೆಲ್ಲ ನನ್ನ ಕೈಲಾಗಲ್ಲ. ಬಂದ್ರೆ ತಟ್ಟೆ ಇರುತ್ತೆ."

ಆ ವಾರವೇ ಹೆನ್ಯಾ ಕೋಣೆ ಹಿಡಿದಳು, ಬಾಗಿಲ ಮೇಲೆ ತನ್ನ ಹೆಸರಿನ ಹಲಗೆ ತೂಗುಹಾಕಿದಳು. ಶುಕ್ರವಾರ ಹೊತ್ತು ಇಳಿಯುವ ಮುಂಚೆ ದಬ್ಬಳ ಒಳಗಿಟ್ಟು, ಮುಖ ತೊಳೆದು, ತನ್ನ ಬಾಗಿಲಿಗೆ ಬೀಗ ಹಾಕಿ ಪಕ್ಕದ ಬೀದಿಗೆ ನಡೆದಳು. ಆ ಮನೆಯೊಳಗೆ ಅವಳು ಯಾವತ್ತೂ ಹೇಳದೆ ಕೇಳದೆ ನುಗ್ಗುತ್ತಿದ್ದವಳು. ಈಗ ಹೊಸಿಲ ಹೊರಗೆ ನಿಂತು ಬಾಗಿಲು ತಟ್ಟಿದಳು.

"ಯಾರು?" ಎಂದಳು ಎಟ್ಲಾ ಒಳಗಿನಿಂದ, ಗೊತ್ತಿದ್ದೂ.

"ನಾನು, ಹೆನ್ಯಾ. ಊಟಕ್ಕೆ ಬಂದಿದ್ದೀನಿ."

ಒಳಗೆ ಒಂದು ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಎಟ್ಲಾ ತಾನೇ ಬಂದು ಬಾಗಿಲು ತೆಗೆದಳು.