ಒಂದು ನಿಮಿಷದ ಅಣ್ಣ

ನಮ್ಮ ಗ್ಯಾರೇಜಿನಲ್ಲಿ ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದವನು ನನಗಿಂತ ಎರಡು ವರ್ಷ ದೊಡ್ಡವನು. ಅವನನ್ನು ಎಲ್ಲರೂ ತಮ್ಮ ಎನ್ನುತ್ತಿದ್ದರು. ಬೊಕ್ಕತಲೆಯ, ನರೆತ ಮೀಸೆಯ ಮನುಷ್ಯ ಕಪ್ಪು ಕೂದಲಿನ ನನಗೆ “ಅಣ್ಣಾ, ಆ ಹದಿನೇಳರ ಪಾನಾ ಸ್ವಲ್ಪ ದಯಪಾಲಿಸಿ” ಎನ್ನುವುದನ್ನು ಕೇಳಿ ಲಾರಿಗಳ ಹೊಸ ಡ್ರೈವರುಗಳು ಕಕ್ಕಾಬಿಕ್ಕಿಯಾಗುತ್ತಿದ್ದರು.

ಇದಕ್ಕೆಲ್ಲ ಕಾರಣ ಒಂದೇ ಒಂದು ನಿಮಿಷ.

ಇಪ್ಪತ್ತೊಂದು ವರ್ಷದ ಹಿಂದೆ ಈ ಪಾರ್ಸೆಲ್ ಕಂಪನಿಯ ಗ್ಯಾರೇಜಿಗೆ ನಾವಿಬ್ಬರೂ ಒಂದೇ ದಿನ ಸೇರಿದೆವು. ತಡವಾದೀತೆಂಬ ಹೆದರಿಕೆಯಿಂದ ನಾನು ಒಂದು ಗಂಟೆ ಮೊದಲೇ ಬಂದು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದು ತಿಳಿಯದೆ, ಕೇಳಲೂ ನಾಚಿಕೆಯಾಗಿ, ಹಳೆ ಟೈರುಗಳ ರಾಶಿಯ ಪಕ್ಕ ನಿಂತಿದ್ದೆ. ಅವನು ಎಂಟಕ್ಕೆ ಐದು ನಿಮಿಷವಿರುವಾಗ ಸೈಕಲ್ಲಿನಲ್ಲಿ ಬಂದ. “ಹೊಸಬನಾ? ನಾನೂ ಹೊಸಬನೇ, ಬಾ,” ಎಂದು ಒಳಗೆ ಕರೆದುಕೊಂಡು ಹೋದ. ಹಾಜರಿ ಗಡಿಯಾರದ ಮುಂದೆ ನಿಂತೆ. ಕಾರ್ಡನ್ನು ಯಾವ ಕಡೆ ತಿರುಗಿಸಬೇಕೋ ಗೊತ್ತಾಗಲಿಲ್ಲ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. “ಅಂಕಿ ನಿನ್ನ ಕಡೆ ಇರ್ಬೇಕು. ಒಳಗೆ ಬಿಡು, ಒತ್ತು. ಅಷ್ಟೇ. ಕಚ್ಚಲ್ಲ ಅದು.” ಟಕ್ ಎಂದಿತು. ಏಳು ಐವತ್ತೊಂಬತ್ತು. ಆಮೇಲೆ ತನ್ನ ಕಾರ್ಡಿಗಾಗಿ ಒಂದೊಂದೇ ಜೇಬು ತಡಕಿ, ತೆಗೆದು, ಒತ್ತುವಷ್ಟರಲ್ಲಿ ಎಂಟು ಗಂಟೆಯಾಗಿತ್ತು.

ಯೂನಿಯನ್ನಿನ ಒಪ್ಪಂದದ ಪ್ರಕಾರ ನಮ್ಮಲ್ಲಿ ಪಾಳಿ, ರಜೆ, ಕೆಲಸದ ಜಾಗ ಎಲ್ಲವೂ ಸೀನಿಯಾರಿಟಿ ಪಟ್ಟಿಯಂತೆ ನಡೆಯುತ್ತವೆ. ಒಂದೇ ದಿನ ಸೇರಿದವರಲ್ಲಿ ಮೊದಲು ಕಾರ್ಡು ಒತ್ತಿದವನು ಮೇಲೆ. ಹೀಗೆ ಅವನ ಕೈಯಿಂದಲೇ ನಾನು ಅವನಿಗಿಂತ ಹಿರಿಯನಾದೆ. ಪ್ರತಿವರ್ಷ ರಜೆಯ ಹಾಳೆ ಗೋಡೆಗೆ ಬಂದಾಗ ಅವನು ಕೈಕಟ್ಟಿ ನಿಂತು, “ಹಿರಿಯರು ಮೊದ್ಲು ಆರಿಸ್ಕೊಳ್ಳಲಿ. ನಮ್ಮಂಥ ಚಿಕ್ಕೋರಿಗೆ ಉಳಿದದ್ದೇ ಸಾಕು,” ಎನ್ನುತ್ತಿದ್ದ. ಈ ಸಲ ನೀನೇ ಮೊದಲು ಆರಿಸಿಕೋ ಎಂದು ನಾನು ಎಷ್ಟೋ ಬಾರಿ ಹೇಳಿದ್ದೇನೆ. ಎಷ್ಟೋ ಬಾರಿ ಎಂದರೆ, ಎರಡು ಬಾರಿ. “ಬೇಡಿ, ಮನೆತನದ ಮರ್ಯಾದೆ ಏನಾಗ್ಬೇಕು?” ಎಂದು ನಕ್ಕುಬಿಟ್ಟಿದ್ದ. ಮೂರನೆಯ ಬಾರಿ ಹೇಳಬೇಕೆಂದು ನನಗೂ ಅನ್ನಿಸಲಿಲ್ಲ.

ನಾವು ಜೋಡಿಯಾಗಿಯೇ ಕೆಲಸ ಮಾಡುತ್ತಿದ್ದೆವು. ಗಾಲಿ ಬಿಚ್ಚಿ ಹಾಕಿದ ಮೇಲೆ ಒಬ್ಬ ನಟ್ಟು ಬಿಗಿಯಬೇಕು, ಇನ್ನೊಬ್ಬ ಅದನ್ನು ಪರೀಕ್ಷಿಸಿ, ನಟ್ಟಿನಿಂದ ಗಾಲಿಯ ತನಕ ಹಳದಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಬೇಕು. ನಟ್ಟು ಸಡಿಲವಾದರೆ ಗೆರೆ ತುಂಡಾಗುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಪಾನಾ ಹಿಡಿದು ಬಿಗಿಯುವವನು ನಾನು. ಒಂದು ಸಲ ಬಿಗಿದು ನಂಬಿಕೆ ಬಾರದೆ ಇನ್ನೊಂದು ಸಲ ಬಿಗಿಯುತ್ತಿದ್ದೆ. “ಅಣ್ಣಾ, ಅದಕ್ಕೂ ಉಸಿರಾಡೋಕೆ ಬಿಡಿ,” ಎನ್ನುತ್ತ ಅವನು ಗೆರೆ ಎಳೆಯುತ್ತಿದ್ದ. ಪೆನ್ನನ್ನು ಎತ್ತುವಾಗ ಅವನ ಮಣಿಕಟ್ಟು ಸ್ವಲ್ಪ ತಿರುಗುತ್ತಿದ್ದುದರಿಂದ ಅವನ ಗೆರೆಗೆ ಕೊನೆಯಲ್ಲಿ ಚಿಕ್ಕದೊಂದು ಬಾಲವಿರುತ್ತಿತ್ತು.

ಈ ವರ್ಷ ಕಂಪನಿ ಹೊಸ ಲಾರಿಗಳನ್ನು ತರಿಸಿತು. ಅವುಗಳ ರಿಪೇರಿಯನ್ನು ತಯಾರಿಸಿದವರೇ ನೋಡಿಕೊಳ್ಳುತ್ತಾರೆ, ಇಲ್ಲಿ ಹದಿನಾಲ್ಕು ಮೆಕ್ಯಾನಿಕ್‌ಗಳ ಅಗತ್ಯವಿಲ್ಲ, ಒಂಬತ್ತು ಜನ ಸಾಕು ಎಂದು ಸೋಮವಾರ ಬೆಳಿಗ್ಗೆ ನೋಟಿಸು ಬಂತು. ಪಕ್ಕದಲ್ಲೇ ಪಟ್ಟಿ. ಒಂಬತ್ತನೆಯ ಹೆಸರಿನ ಕೆಳಗೆ ಯಾರೋ ಸ್ಕೇಲು ಇಟ್ಟು ಕೆಂಪು ಗೆರೆ ಎಳೆದಿದ್ದರು. ಒಂಬತ್ತನೆಯವನು ನಾನು. ಹತ್ತನೆಯವನು ತಮ್ಮ.

ಅವನು ಕನ್ನಡಕ ಏರಿಸಿ ನೋಡಿದ. “ಅಣ್ಣಾ, ನೀರು ನಿಮ್ಮ ಕಾಲಬುಡಕ್ಕೇ ಬಂದು ನಿಂತಿದೆಯಲ್ಲ. ಪ್ಯಾಂಟು ಮಡಚ್ಕೊಳ್ಳಿ.” ಯಾರೂ ನಗಲಿಲ್ಲ. ಅವನೇ ಸ್ವಲ್ಪ ನಕ್ಕ.

ಮಧ್ಯಾಹ್ನ ಊಟದ ಹೊತ್ತಿಗೆ ಯೂನಿಯನ್ ಕಾರ್ಯದರ್ಶಿ ನಮ್ಮನ್ನೆಲ್ಲ ಸ್ಟೋರಿನಲ್ಲಿ ಸೇರಿಸಿದ. ಅವನು ನಮ್ಮ ವೆಲ್ಡರ್. ಮೂವತ್ತು ವರ್ಷ ಕಿಡಿ ನೋಡಿ ನೋಡಿ ಕಣ್ಣು ಸದಾ ಕೆಂಪು. “ಜಗಳ ಆಡಿದ್ದಾಯ್ತು. ತೆಗೆಯೋರ ಸಂಖ್ಯೆ ಇಳಿಸಲ್ವಂತೆ. ಒಪ್ಪಂದದಲ್ಲಿ ಒಂದೇ ದಾರಿ ಇದೆ,” ಎಂದ. “ಗೆರೆ ಮೇಲಿರೋರು ಯಾರಾದ್ರೂ ಸ್ವಂತ ಇಚ್ಛೆಯಿಂದ ಹೋಗ್ತೀನಿ ಅಂತ ಬರ್ಕೊಟ್ರೆ, ಗೆರೆ ಕೆಳಗಿನ ಮೊದಲನೆಯವನು ಉಳೀತಾನೆ. ಫಾರಂ ನನ್ನ ಹತ್ರ ಇದೆ. ಶುಕ್ರವಾರ ನಾಲ್ಕು ಗಂಟೆ ಒಳಗೆ. ಯಾರನ್ನೂ ಬಲವಂತ ಮಾಡಲ್ಲ.”

ಎಲ್ಲರೂ ಅವರವರ ಬೂಟು ನೋಡಿಕೊಂಡರು. ಗೆರೆ ಕೆಳಗಿನ ಮೊದಲನೆಯವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅವನ ಹೆಂಡತಿಯ ವಿಷಯವೂ ಗೊತ್ತಿತ್ತು. ಅವಳ ಮೂತ್ರಪಿಂಡಗಳೆರಡೂ ನಿಂತು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರ ಅವಳ ರಕ್ತ ತೊಳೆಯಬೇಕು. ಅದೆಲ್ಲ ನಡೆಯುತ್ತಿದ್ದುದು ಕಂಪನಿಯ ವೈದ್ಯಕೀಯ ಕಾರ್ಡಿನ ಮೇಲೆ. ಕೆಲಸ ಹೋದರೆ ತಿಂಗಳ ಕೊನೆಗೆ ಕಾರ್ಡೂ ಹೋಗುತ್ತದೆ. ಆ ಮೂರು ದಿನ ಅವಳನ್ನು ಮನೆಗೆ ಕರೆತರಲು ಅವನು ಅರ್ಧ ಗಂಟೆ ಬೇಗ ಹೊರಡುತ್ತಿದ್ದ, ಅವನ ಉಳಿದ ಕೆಲಸ ನಾನು ಮುಗಿಸುತ್ತಿದ್ದೆ. ನಾನೊಬ್ಬ ಒಳ್ಳೆಯವನು ಎಂದು ನನ್ನ ಬಗ್ಗೆ ನನಗೇ ಅನ್ನಿಸುತ್ತಿದ್ದುದು ಆ ಅರ್ಧ ಗಂಟೆಗಳಲ್ಲೇ.

ನನ್ನ ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಅವಳಿಗೂ ಅಂಥದೇ ಕಾರ್ಡು ಇದೆ, ಅದರಲ್ಲಿ ನನ್ನ ಹೆಸರನ್ನೂ ಸೇರಿಸಬಹುದಿತ್ತು. ಮಗಳಿಗೆ ಮದುವೆಯಾಗಿದೆ, ಅವಳೂ ದುಡಿಯುತ್ತಾಳೆ. ಕೆಲಸ ಬಿಟ್ಟರೆ ಕಷ್ಟವಾಗುತ್ತಿತ್ತು. ಆದರೆ ಯಾರೂ ಸಾಯುತ್ತಿರಲಿಲ್ಲ. ಈ ಮಾತನ್ನು ಬರೆಯದೆ ಮುಂದೆ ಹೋಗಬಾರದೆಂದು ಬರೆದಿದ್ದೇನೆ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ದಿನವಿಡೀ ಅದೇ ಕೆಲಸ ಮಾಡಿ ಬಂದು ಮನೆಯಲ್ಲೂ ಅದನ್ನೇ ಮಾಡುತ್ತಾಳೆ.

“ನಿಮಗೆ ಐವತ್ನಾಲ್ಕು. ಹೊರಗೆ ಯಾರು ಕೆಲ್ಸ ಕೊಡ್ತಾರೆ?” ಎಂದಳು.

“ಹಾಗಾದ್ರೆ ಬೇಡ ಅಂತೀಯಾ?”

“ನಾನೆಲ್ಲಿ ಅಂದೆ? ಬೇಡ ಅಂದ್ರೆ ಜೀವನ ಪೂರ್ತಿ ಇವಳೇ ತಡೆದಳು ಅಂತೀರ. ಹೂಂ ಅಂದ್ರೆ ಇವಳೇ ನನ್ನನ್ನ ಮನೇಲಿ ಕೂರಿಸಿದಳು ಅಂತೀರ. ನನ್ನ ತಲೆಗೆ ಕಟ್ಬೇಡಿ.”

ಎರಡು ಹೊದಿಕೆ ಮಡಚಿದ ಮೇಲೆ ಕೇಳಿದಳು: “ಅವಳಿಗೆ ಈಗ ವಯಸ್ಸೆಷ್ಟು?”

“ಐವತ್ತೊಂದು.”

“ನನಗಿಂತ ಚಿಕ್ಕವಳು,” ಎಂದಳು. ಇನ್ನೊಂದು ಹೊದಿಕೆ ಎತ್ತಿಕೊಂಡಳು.

ಬುಧವಾರ ಕಾರ್ಯದರ್ಶಿಯಿಂದ ಫಾರಂ ಇಸಿದುಕೊಂಡೆ. ಹೆಸರು, ಸಂಖ್ಯೆ, ಸೇರಿದ ದಿನ ಎಲ್ಲವನ್ನೂ ತುಂಬಿ, ಸಹಿಯ ಜಾಗ ಬಿಟ್ಟು, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಮೇಲಂಗಿ ಕಳಚಿ ಕೈ ತೊಳೆಯುವಾಗ ಅದರ ಮೂಲೆ ಹೊರಗೆ ಇಣುಕುತ್ತಿತ್ತು. ಒಳಗೆ ತಳ್ಳಿದೆ.

ನನ್ನೊಳಗೆ ನಾನೇ ಒಂದು ಕರಾರು ಮಾಡಿಕೊಂಡಿದ್ದೆ. ಅವನು ಒಂದು ಸಲ ಬಾಯಿಬಿಟ್ಟು ಕೇಳಿದರೆ ಆ ಕ್ಷಣವೇ ಸಹಿ ಹಾಕುತ್ತೇನೆ. ಗುರುವಾರವೆಲ್ಲ ಕಾದೆ. ಅವನು ಸೈಕಲ್ಲಿನ ಚೈನಿನ ಬಗ್ಗೆ ಮಾತಾಡಿದ, ಛಾವಣಿಯಲ್ಲಿ ಗೂಡು ಕಟ್ಟಿದ ಪಾರಿವಾಳಗಳ ಬಗ್ಗೆ ಮಾತಾಡಿದ. “ಅವಕ್ಕೆ ಸೀನಿಯಾರಿಟಿ ಇಲ್ಲ ನೋಡಿ, ಬೇಕಾದಲ್ಲಿ ಕೂರ್ತವೆ, ಬೇಕಾದವರ ತಲೆ ಮೇಲೆ...” ಎಂದ. ಕೇಳಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವನು ನನ್ನಿಂದ ಪಾನಾ ಬಿಟ್ಟು ಬೇರೇನನ್ನೂ ಕೇಳಿದವನಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಕರಾರು ಮಾಡಿಕೊಂಡಿದ್ದೆನೋ ಏನೋ.

ಶುಕ್ರವಾರ ನಮಗೆ ಸಿಕ್ಕಿದ್ದು ಹಳೆಯ ನಲವತ್ತೆರಡನೇ ನಂಬರಿನ ಲಾರಿ, ಹಿಂದಿನ ಎಡಗಡೆಯ ಬ್ರೇಕು. ಡ್ರಮ್ ತೆಗೆದು, ಸವೆದ ಲೈನಿಂಗ್ ಬದಲಿಸಿ, ಗಾಲಿ ಮತ್ತೆ ಏರಿಸುವಷ್ಟರಲ್ಲಿ ಮೂರೂವರೆ ದಾಟಿತು. ನಾನು ಹತ್ತೂ ನಟ್ಟು ಬಿಗಿದೆ, ಎರಡೆರಡು ಸಲ. ತಮ್ಮ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ನೋಡಿ ಗೆರೆ ಎಳೆಯತೊಡಗಿದ. ಒಂದು. ಎರಡು. ಮೂರು. ಅಲ್ಲಿಗೆ ನಿಲ್ಲಿಸಿದ.

“ಅಣ್ಣಾ.”

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು.

“ಪೆನ್ನು ಒಣಗಿದೆ. ಹೊಸದೊಂದು ತರ್ತೀರಾ?”

ಸ್ಟೋರಿಗೆ ಹೋದೆ. ಕಾರ್ಯದರ್ಶಿ ಅಲ್ಲೇ ಫಾರಂ ಹಾಕುವ ಡಬ್ಬಿಯ ಪಕ್ಕ ಕೂತಿದ್ದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ನಾನು ಫಾರಂ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಅವನು ತನ್ನ ಪೆನ್ನು ಮುಂದೆ ಸರಿಸಿದ.

ನಾನು ಓದಿದೆ. ಹೆಸರು ಸರಿ. ಸಂಖ್ಯೆ ಸರಿ. ಇನ್ನೊಂದು ಸಲ ಓದಿದೆ. ದಿನಾಂಕ ಬುಧವಾರದ್ದಿತ್ತು.

“ದಿನಾಂಕ ತಿದ್ದಿದ್ರೆ ನಡೆಯುತ್ತಾ?”

“ನಡೆಯುತ್ತೆ. ಸಹಿ ಹಾಕು.”

“ತಿದ್ದಿದ ಕಡೆಗೂ ಸಹಿ ಬೇಕಾ?”

“ಎರಡು ಕಡೆ ಹಾಕಯ್ಯಾ.”

“ಹೊಸ ಫಾರಂ ಇದ್ರೆ ನೀಟಾಗಿ ಬರೀಬಹುದಿತ್ತು. ನಾಳೆ ಆಫೀಸಿನವರು ತಕರಾರು ತೆಗೆದ್ರೆ...”

ಅವನು ಕನ್ನಡಕ ತೆಗೆದು ತನ್ನ ಕೆಂಪು ಕಣ್ಣುಗಳಿಂದ ನನ್ನನ್ನು ನೋಡಿದ. ಆಮೇಲೆ ಡ್ರಾಯರಿನಿಂದ ಹೊಸ ಫಾರಂ ತೆಗೆದುಕೊಟ್ಟ. ನಾನು ಮೊದಲಿನಿಂದ ಬರೆದೆ. ಅಕ್ಷರಗಳು ದುಂಡಗೆ ಬಂದವು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಸೇರಿದ ದಿನ ಬರೆಯುವಾಗ ಗಡಿಯಾರದ ಮುಳ್ಳು ಟಕ್ ಎಂದಿತು. ತಲೆ ಎತ್ತಿ ನೋಡಿದೆ. ನಾಲ್ಕು.

“ನಾಲ್ಕಾಯ್ತು,” ಎಂದೆ.

“ಆ ಗಡಿಯಾರ ಮುಂದಿದೆ,” ಎಂದ ಕಾರ್ಯದರ್ಶಿ. ಅದು ಮುಂದಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. “ಒಂದು ನಿಮಿಷ ಕೊಡ್ತೀನಿ. ಹಾಕು.”

ಪೆನ್ನು ನನ್ನ ಕೈಯಲ್ಲೇ ಇತ್ತು. ಸಹಿಯ ಜಾಗ ಬೆರಳುದ್ದದ ಖಾಲಿ ಗೆರೆ.

“ಬೇಡ,” ಎಂದೆ. “ನಿಯಮ ಅಂದ್ಮೇಲೆ ನಿಯಮ. ಆಮೇಲೆ ನಿಮಗೇ ತೊಂದ್ರೆ ಆಗುತ್ತೆ.”

ಅವನು ನನ್ನ ಕೈಯಿಂದ ಪೆನ್ನು ತೆಗೆದು ಮುಚ್ಚಳ ಹಾಕಿದ. “ಬಂದಿದ್ದು ಯಾತಕ್ಕೆ?” ಎಂದು ಕೇಳಿದ.

“ಹಳದಿ ಪೆನ್ನಿಗೆ.”

ಕೊಟ್ಟ. ನಾನು ತಂದು ತಮ್ಮನಿಗೆ ಕೊಟ್ಟೆ. ಅವನು ಹಾಗೆಯೇ ಕೂತಿದ್ದ.

“ಸ್ಟೋರಲ್ಲಿ ಸಿಗ್ಲಿಲ್ಲ, ಹುಡುಕ್ಬೇಕಾಯ್ತು,” ಎಂದೆ.

ಅವನು ಗೋಡೆಯ ಕಡೆ, ಗಡಿಯಾರದ ಕಡೆ ನೋಡಿದ. “ಸಿಕ್ತಲ್ಲ, ಬಿಡಿ,” ಎಂದು ಉಳಿದ ಏಳು ನಟ್ಟುಗಳಿಗೆ ಗೆರೆ ಎಳೆದ.

ತಿಂಗಳ ಕೊನೆಯ ದಿನ ಅವನ ಪೆಟ್ಟಿಗೆ ಸಾಗಿಸಲು ನಾನೇ ಕೈಹಚ್ಚಿದೆ. ಮೆಕ್ಯಾನಿಕ್‌ಗಳ ಸಲಕರಣೆ ಅವರವರದೇ. ಡ್ರಾಯರುಗಳಿರುವ ಆ ಕಬ್ಬಿಣದ ಪೆಟ್ಟಿಗೆಯನ್ನು ಇಬ್ಬರು ತಳ್ಳಿದರೂ ಮಿಸುಕುವುದಿಲ್ಲ. ಬಾಡಿಗೆ ಗಾಡಿಗೆ ಏರಿಸಿ ಹಗ್ಗ ಬಿಗಿದೆವು. ನಾನು ಗಂಟನ್ನು ಇನ್ನೊಮ್ಮೆ ಎಳೆದು ನೋಡಿದೆ.

“ಸಾಕು,” ಎಂದ. ಆಮೇಲೆ ಹಗ್ಗದ ಮೇಲೇ ಕಣ್ಣಿಟ್ಟು ಹೇಳಿದ: “ಆ ಬುಧವಾರ ನಿನ್ನ ಜೇಬಲ್ಲಿ ಫಾರಂ ನೋಡ್ದೆ. ಮನೆಗೆ ಹೋಗಿ ಇವಳಿಗೆ ಹೇಳ್ಬಿಟ್ಟೆ. ಅದೊಂದು ತಪ್ಪು ಮಾಡ್ದೆ ನಾನು.”

ಮೊದಲ ದಿನ ಟೈರುಗಳ ರಾಶಿಯ ಹತ್ತಿರ ಮಾತಾಡಿಸಿದ್ದ ಹಾಗೆ, ಏಕವಚನ. ಗಾಡಿಯವನು ಎಂಜಿನ್ ಚಾಲೂ ಮಾಡಿದ.

ಈಗ ಪಟ್ಟಿಯಲ್ಲಿ ಒಂಬತ್ತು ಹೆಸರು, ಕೊನೆಯದು ನನ್ನದು. ರಜೆಯ ಹಾಳೆ ಬಂದಾಗ ಎಂಟು ಜನ ಆರಿಸಿದ ಮೇಲೆ ಉಳಿದದ್ದು ನನಗೆ. ಇನ್ನಷ್ಟು ಹೊಸ ಲಾರಿಗಳು ಬರುತ್ತವಂತೆ, ಒಂಬತ್ತು ಆರಾಗಬಹುದಂತೆ. ಆ ಮಾತು ಬಂದಾಗ ಯಾರೂ ನನ್ನ ಕಡೆ ನೋಡುವುದಿಲ್ಲ. ತಮ್ಮನಿಗೆ ಎಲ್ಲೋ ಕಾರು ತೊಳೆಯುವ ಕೆಲಸ ಸಿಕ್ಕಿದೆಯಂತೆ, ಅಲ್ಲಿ ವೈದ್ಯಕೀಯ ಕಾರ್ಡಿಲ್ಲ. ಅವನ ಹೆಂಡತಿಗೆ ವಾರಕ್ಕೆ ಮೂರು ದಿನವಿದ್ದದ್ದು ಎರಡಾಗಿದೆ ಎಂದು ಕಾರ್ಯದರ್ಶಿ ಹೇಳಿದ. ನಾನು ಕೇಳಿರಲಿಲ್ಲ. ನಾನು ಇದ್ದಲ್ಲಿಗೇ ಬಂದು ಹೇಳಿ ಹೋದ.

ನಿನ್ನೆ ನಲವತ್ತೆರಡು ಮತ್ತೆ ಬಂತು. ಹಿಂದಿನ ಎಡಗಡೆಯ ಗಾಲಿಯ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಹತ್ತು ಗೆರೆ, ಹತ್ತಕ್ಕೂ ಬಾಲ. ಯಾವುದೂ ತುಂಡಾಗಿರಲಿಲ್ಲ. ಮೊದಲ ಮೂರು ಒಣಗಿದ ಪೆನ್ನಿನಿಂದ ಎಳೆದವು, ಮಸುಕಾಗಿ ಅಲ್ಲಲ್ಲಿ ಹರಿದ ಹಾಗಿದ್ದವು. ನಾಲ್ಕನೆಯದರಿಂದ ಮುಂದಿನವು, ನಾನು ತಂದುಕೊಟ್ಟ ಪೆನ್ನಿನವು, ಈಗ ಎಳೆದಷ್ಟು ಹಳದಿ.

“ಏನಪ್ಪಾ, ಗಾಲಿ ಬಿಚ್ತೀಯೋ, ಪೂಜೆ ಮಾಡ್ತೀಯೋ?” ಎಂದ ಈಗ ನನ್ನ ಜೋಡಿಯಾಗಿರುವವನು.

ಪಾನಾ ಎತ್ತಿಕೊಂಡೆ. ನಾಲ್ಕನೆಯ ನಟ್ಟನ್ನು ಮೊದಲು ಸಡಿಲಿಸಿದೆ.