ಸುಮ್ಮನಿದ್ದರೆ ಎಲ್ಲ ಸರಿ

ನಾನು ಒಂದು ಹ್ಯಾಮ್ ರೇಡಿಯೊ. ಹಾಡು ಹೇಳುವ ಜಾತಿಯವನಲ್ಲ. ಗುಂಡಿ ಒತ್ತಿದರೆ ಮಾತಾಡುತ್ತೇನೆ, ಬಿಟ್ಟರೆ ಕೇಳುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಲು ನನಗೆ ಬಾರದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಶ್ರೀಪತಿ ಉಪಾಧ್ಯರು ಹಳೆಯ ಟಿವಿಗಳ ಹೊಟ್ಟೆ ಬಗೆದು, ಸಿಕ್ಕಿದ ಬಿಡಿಭಾಗಗಳನ್ನು ಬೆಸೆದು, ತಮ್ಮ ಊಟದ ಮೇಜಿನ ಮೇಲೆ ನನ್ನನ್ನು ಮಾಡಿದರು. ನನ್ನ ಮೈ ಬಿಸ್ಕತ್ತಿನ ಡಬ್ಬಿ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಬೀಗುತ್ತಿದ್ದರು.

ಅವರ ಕಿವಿ ಮಂದವಾದಾಗ ನನ್ನನ್ನು ತಮ್ಮಿಂದ ರೇಡಿಯೊ ಕಲಿತ ಶಿಷ್ಯ ದೇಜಪ್ಪಣ್ಣನಿಗೆ ಒಪ್ಪಿಸಿದರು. ದೇಜಪ್ಪಣ್ಣ ಕರಾವಳಿಯ ಒಂದು ಪೇಟೆಯಲ್ಲಿ ಟೈಲರ್. ಅವರ ಅಂಗಡಿಯಲ್ಲಿ ನೂಲಿನ ಉಂಡೆಗಳ ನಡುವೆ ನನಗೊಂದು ಜಾಗ ಸಿಕ್ಕಿತು. ಮಳೆಗಾಲ ಬಂತೆಂದರೆ ಅವರಿಗೆ ಎರಡು ಕೆಲಸ. ಕಡಲ ದಂಡೆಯ ಬೇರೆ ಬೇರೆ ಊರುಗಳಲ್ಲಿ ಪರವಾನಗಿ ಪಡೆದ ರೇಡಿಯೊ ಹವ್ಯಾಸಿಗಳಿದ್ದರು. ಅವರೆಲ್ಲ ಗಾಳಿ ಎಷ್ಟು, ನೀರು ಎಲ್ಲಿಯವರೆಗೆ ಬಂತು ಎಂದು ನನ್ನ ಮೂಲಕ ತಿಳಿಸುತ್ತಿದ್ದರು. ದೇಜಪ್ಪಣ್ಣ ಅದನ್ನು ಕೂಡಿಸಿ ತಾಲೂಕು ಕಚೇರಿಗೆ ಮುಟ್ಟಿಸುತ್ತಿದ್ದರು. ಸಂಬಳವಿಲ್ಲದ ಸೇವೆ.

"ಬ್ಲೌಸಿನವರು ಹೊರಗೆ ಕಾಯ್ತಾ ಇದ್ದಾರೆ, ನಿಮ್ಮದು ಗಾಳಿಯೊಟ್ಟಿಗೆ ಮಾತು!" ಎಂದು ಹೆಂಡತಿ ಗುಲಾಬಿಯಕ್ಕ ಬೈಯುತ್ತಲೇ ಚಹಾ ತಂದಿಡುತ್ತಿದ್ದರು.

ನನಗೆ ಎಲ್ಲರಿಗಿಂತ ಇಷ್ಟವಾದ ಸ್ವರ ಹಸನಬ್ಬರದು. ನದಿ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಅವರ ಮನೆ. ಮನುಷ್ಯ ಮಹಾ ಮಾತುಗಾರ. ನೀರಿನ ಮಟ್ಟ ಹೇಳಲು ಬಂದವರು "ನಿಮ್ಮಲ್ಲಿ ಎಂತ ಸಾಂಬಾರು ದೇಜಪ್ಪಣ್ಣ? ನಮ್ಮಲ್ಲಿ ಬಂಗುಡೆ" ಎಂದು ಶುರು ಮಾಡಿದರೆ ಉಳಿದವರಿಗೆ ಬಾಯಿ ತೆರೆಯಲು ಜಾಗವಿಲ್ಲ. ಒಂದು ದಿನ ದೇಜಪ್ಪಣ್ಣನಿಗೆ ರೇಗಿತು.

"ಇದು ಸಂತೆ ಅಲ್ಲ ಮಾರಾಯ್ರೆ. ವಿಷಯ ಇದ್ರೆ ಹೇಳಿ, ಇಲ್ಲದಿದ್ರೆ ಸುಮ್ಮನಿರಿ. ಯಾರು ಸುಮ್ಮನಿದ್ದಾರೋ ಅವರಲ್ಲಿ ಎಲ್ಲ ಸರಿ ಉಂಟು ಅಂತ ನಾನು ತಿಳ್ಕೊಳ್ತೇನೆ."

ಎಲ್ಲರೂ ಕೇಳಿಸಿಕೊಂಡರು. ಹಸನಬ್ಬ ಸಣ್ಣಗೆ ನಕ್ಕರು. "ಆಯ್ತು ಅಣ್ಣ, ಇನ್ನು ಬಾಯಿಗೆ ಬೀಗ."

ಅಂದಿನಿಂದ ಕೆಲಸ ಚೊಕ್ಕವಾಯಿತು. "ಮಾತು ಬೆಳ್ಳಿ, ಮೌನ ಬಂಗಾರ" ಎಂದು ದೇಜಪ್ಪಣ್ಣ ಗುಲಾಬಿಯಕ್ಕನ ಮುಂದೆ ಹೆಮ್ಮೆಪಟ್ಟರು. ನನಗೆ ಮಾತ್ರ ಬೇಸರವಾಯಿತು.

ಆ ವರ್ಷ ಚಂಡಮಾರುತ ಬಂತು. ಕರೆಂಟು ಹೋಯಿತು, ಫೋನುಗಳು ಸತ್ತವು. ಸ್ಕೂಟರಿನ ಬ್ಯಾಟರಿಯಿಂದ ನಾನು ಉಸಿರಾಡುತ್ತಿದ್ದೆ. ಬೆಳಿಗ್ಗೆ ಹಸನಬ್ಬರ ಸ್ವರ ಬಂತು: "ಕಡಲು ಕಲ್ಲಿನ ತಡೆಗೋಡೆಯ ಹತ್ತಿರ ಬಂದಿದೆ. ಮನೆಯವರನ್ನು ಶಾಲೆಗೆ ಕಳಿಸಿದ್ದೇನೆ. ನಾನು ಇಲ್ಲೇ ಇರ್ತೇನೆ, ಯಾರಾದ್ರೂ ನೋಡ್ಲಿಕ್ಕೆ ಬೇಕಲ್ಲ."

ಆಮೇಲೆ ಅವರು ಮಾತಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನದಿ ನಡುವಿನ ದ್ವೀಪ, ಕುದ್ರುವಿನಲ್ಲಿ ಜನ ಸಿಕ್ಕಿಬಿದ್ದಿದ್ದಾರೆಂಬ ಕೂಗು ಬಂತು. ತಾಲೂಕು ಕಚೇರಿಯಲ್ಲಿ ಕುಳಿತಿದ್ದ ಹವ್ಯಾಸಿ ಕೇಳಿದರು: "ದೋಣಿ ಒಂದೇ ಇರುವುದು. ಕುದ್ರುವಿಗೋ, ಅಳಿವೆಗೋ?"

"ಹಸನಬ್ಬರ ಸ್ವರವೇ ಇಲ್ಲ ಅಲ್ವಾ?" ಎಂದರು ಗುಲಾಬಿಯಕ್ಕ.

"ವಿಷಯ ಇಲ್ಲ ಅಂತ ಅರ್ಥ. ಈಗ ಅವರಿಗೆ ಬುದ್ಧಿ ಬಂದಿದೆ." ದೇಜಪ್ಪಣ್ಣ ನನ್ನ ಗುಂಡಿ ಒತ್ತಿದರು. "ಕುದ್ರುವಿಗೆ ಕಳಿಸಿ. ಅಳಿವೆಯಲ್ಲಿ ಎಲ್ಲ ಸರಿ ಉಂಟು."

ಆ ಮಾತನ್ನು ಗಾಳಿಗೆ ದಾಟಿಸಿದವನು ನಾನೇ. ಬೇಡವೆನ್ನಲು ನನಗೆ ಸ್ವಂತ ನಾಲಿಗೆ ಎಲ್ಲಿತ್ತು?

ಕುದ್ರುವಿನವರು ಬದುಕಿದರು. ಸಂಜೆ ದೇಜಪ್ಪಣ್ಣ ಎಷ್ಟು ಕೂಗಿದರೂ ಅಳಿವೆಯಿಂದ ಉತ್ತರವಿಲ್ಲ. ಗಾಳಿ ಇಳಿದ ಮೇಲೆ ಹೋದವರಿಗೆ ಹಸನಬ್ಬರ ಮನೆಯಿದ್ದ ಜಾಗದಲ್ಲಿ ಮರಳು ಕಂಡಿತು. ಮಾರನೆಯ ದಿನ ಅವರ ದೇಹ ಸಿಕ್ಕಿತು.

ಹವ್ಯಾಸಿಗಳಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ತೀರಿಕೊಂಡರೆ ಅವರನ್ನು ರೇಡಿಯೊದಲ್ಲಿ ಕೊನೆಯ ಸಲ ಹೆಸರು ಹಿಡಿದು ಕೂಗುತ್ತಾರೆ, ಆಮೇಲೆ ಎಲ್ಲರೂ ಸ್ವಲ್ಪ ಹೊತ್ತು ಮೌನವಾಗಿರುತ್ತಾರೆ. ಕೂಗುವ ಪಾಳಿ ದೇಜಪ್ಪಣ್ಣನದಾಯಿತು. "ಹಸನಬ್ಬ, ಕೇಳ್ತಾ ಉಂಟಾ?" ಎಂದರು. ಗುಂಡಿ ಬಿಡಲಿಲ್ಲ. ಬಿಟ್ಟರೆ ಆ ಮೌನವನ್ನು ಕೇಳಬೇಕಲ್ಲ. ಒತ್ತಿ ಹಿಡಿದೇ ಕುಳಿತರು. ನಾನು ಅವರ ಬಿಕ್ಕಳಿಕೆಯನ್ನು ಊರೂರಿಗೆ ಕಳಿಸುತ್ತಲೇ ಇದ್ದೆ. ಕೊನೆಗೆ ಗುಲಾಬಿಯಕ್ಕ ಬಂದು ಅವರ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿದರು.

ಆಮೇಲೆ ಮಳೆಗಾಲದಲ್ಲಿ ವಿಷಯ ಇರಲಿ, ಬಿಡಲಿ, ಪ್ರತಿಯೊಬ್ಬರೂ ಮಾತಾಡಲೇಬೇಕಾಯಿತು. ಏನೂ ಇಲ್ಲದಿದ್ದರೆ ಸಾಂಬಾರಿನ ಸುದ್ದಿಯಾದರೂ ಹೇಳಬೇಕು. ಯಾರಾದರೂ ತಡಮಾಡಿದರೆ ದೇಜಪ್ಪಣ್ಣ ಕತ್ತರಿ ಕೆಳಗಿಟ್ಟು ಅವರ ಹೆಸರು ಹಿಡಿದು ಕೂಗುತ್ತಿದ್ದರು.

ಈಗ ನಾನು ಮುದುಕ. ಒಳಗೆ ತುಕ್ಕು ಹಿಡಿದಿದೆ, ಉಪ್ಪುಗಾಳಿ ಬೆಸುಗೆಗಳನ್ನು ತಿಂದಿದೆ. ದಂಡೆಯ ಕೆಲಸವನ್ನು ಹೊಸ ಸೆಟ್ಟುಗಳು ನೋಡಿಕೊಳ್ಳುತ್ತವೆ. ನನ್ನನ್ನು ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದಾರೆ. ಗುಲಾಬಿಯಕ್ಕ ಗುಜರಿಗೆ ಹಾಕೋಣವೆಂದರೂ ದೇಜಪ್ಪಣ್ಣ ಒಪ್ಪಲಿಲ್ಲ.

ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಅವರು ತಲೆಯೆತ್ತಿ, "ಇದ್ದೀಯಾ ಮಾರಾಯ?" ಎಂದು ಕೇಳುತ್ತಾರೆ. ನಾನು ಹಾಳಾಗಿ ಬಹಳ ಕಾಲವಾಯಿತೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕತ್ತರಿ ಎತ್ತಿಕೊಳ್ಳುವ ಮೊದಲು, ಕಿವಿ ಸ್ವಲ್ಪ ಈ ಕಡೆ ವಾಲಿಸಿ, ಉತ್ತರಕ್ಕಾಗಿ ಕಾಯುತ್ತಾರೆ.